ಶಾಲಾ ಗ್ರಂಥಾಲಯದ ಬೀಗ ತೆಗೆಯುವುದು ಹೇಗೆ: ಕೊಪ್ಪಳ ಸೀಮೆಯ ಶಿಕ್ಷಕರಿಗೆ ಒಂದು ಸಮಗ್ರ ಮಾರ್ಗದರ್ಶಿ

ಮಕ್ಕಳ ಓದುವ ಸ್ವಾತಂತ್ರ್ಯ ಅಂದ ಕೂಡಲೇ ಪುಸ್ತಕ ನಿಷೇಧ, ಧರಣಿ, ಕೋರ್ಟು ನೆನಪಾಗುತ್ತವೆ. ಕುಷ್ಟಗಿ, ಯಲಬುರ್ಗಾ, ಕನಕಗಿರಿ ಕಡೆಯ ಹಳ್ಳಿ ಶಾಲೆಗಳಲ್ಲಿ ವಿಷಯ ಅಲ್ಲಿತನಕ ಹೋಗುವುದೇ ಅಪರೂಪ. ಇಲ್ಲಿ ಮಗುವಿಗೂ ಪುಸ್ತಕಕ್ಕೂ ನಡುವೆ ನಿಂತಿರುವುದು ಹೆಡ್‌ಮಾಸ್ಟರ್ ಕೋಣೆಯ ಕಬ್ಬಿಣದ ಬೀರು. ಕೀಲಿ ಒಬ್ಬರ ಹತ್ತಿರ ಇರುತ್ತದೆ. ಅವರು ತರಬೇತಿಗೆ ಹೋದರೆ ಆ ವಾರ ಗ್ರಂಥಾಲಯವೂ ತರಬೇತಿಗೆ ಹೋದಂತೆಯೇ.

ಇದನ್ನು ಬರೆಯುತ್ತಿರುವುದು ಪಾಠದ ಜೊತೆಗೆ ಗ್ರಂಥಾಲಯದ ಚಾರ್ಜ್ ಕೂಡ ಹೆಗಲಿಗೆ ಬಿದ್ದ ಶಿಕ್ಷಕರಿಗೆ. ನಮ್ಮ ಹೆಚ್ಚಿನ ಸರ್ಕಾರಿ ಶಾಲೆಗಳಲ್ಲಿ ಬೇರೆ ಗ್ರಂಥಪಾಲಕರಿಲ್ಲ, ನೀವೇ ಎಲ್ಲ. ಹೊಸ ಕಟ್ಟಡ, ದೊಡ್ಡ ಅನುದಾನ ಬೇಕು ಅನ್ನುವ ಯಾವ ಸಲಹೆಯೂ ಇದರಲ್ಲಿಲ್ಲ. ಬೇಕಾಗುವುದು ಒಂದು ನೋಟ್‌ಬುಕ್, ಎಸ್‌ಡಿಎಂಸಿಯ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಎರಡು ಠರಾವು, ಸ್ವಲ್ಪ ಗಟ್ಟಿತನ.

ಮೊದಲು, ನಿಮ್ಮ ಬೆನ್ನಿಗಿರುವ ಕಾನೂನು

ಇದನ್ನು ಒಂದು ಹಾಳೆಯಲ್ಲಿ ಬರೆದು ಬೀರುವಿನ ಬಾಗಿಲಿಗೆ ಒಳಗಿನಿಂದ ಅಂಟಿಸಿ. ಮಾತಿಗೆ ಮಾತು ಬಂದಾಗ ಬೇಕಾಗುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು ಎನ್ನುತ್ತದೆ. ದಿನಪತ್ರಿಕೆ, ನಿಯತಕಾಲಿಕೆ, ಕಥೆಪುಸ್ತಕ ಸೇರಿದಂತೆ ಎಲ್ಲ ವಿಷಯದ ಪುಸ್ತಕ ಇರಬೇಕು ಎಂದು ಬಿಡಿಸಿ ಹೇಳುತ್ತದೆ. "ಎಲ್ಲ ವಿಷಯ" ಅನ್ನುವುದರ ಕೆಳಗೆ ಗೆರೆ ಎಳೆಯಿರಿ. ಸಂವಿಧಾನದ 19(1)(ಎ) ವಿಧಿಯ ವಾಕ್ ಸ್ವಾತಂತ್ರ್ಯದಲ್ಲಿ ತಿಳಿಯುವ ಹಕ್ಕೂ ಸೇರಿದೆ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿತು. ಅದರ 13ನೇ ವಿಧಿ ಮಾಹಿತಿ ಹುಡುಕುವ, ಪಡೆಯುವ ಹಕ್ಕನ್ನು ಮಗುವಿಗೇ ಕೊಡುತ್ತದೆ. 1999ರ ಯುನೆಸ್ಕೊ ಶಾಲಾ ಗ್ರಂಥಾಲಯ ಪ್ರಣಾಳಿಕೆ ಇನ್ನೂ ನೇರವಾಗಿದೆ. ಶಾಲಾ ಗ್ರಂಥಾಲಯದ ಸಂಗ್ರಹಕ್ಕೆ ಸೈದ್ಧಾಂತಿಕ, ರಾಜಕೀಯ, ಧಾರ್ಮಿಕ ಸೆನ್ಸಾರ್ ಕೂಡದು, ವ್ಯಾಪಾರದ ಒತ್ತಡವೂ ಕೂಡದು ಎನ್ನುತ್ತದೆ. ಪ್ರಣಾಳಿಕೆ ಕಾನೂನಲ್ಲ ಅನ್ನುವುದು ನೆನಪಿರಲಿ. ಆದರೆ ಸಭೆಯಲ್ಲಿ ಓದಿ ಹೇಳಿದರೆ ತೂಕ ಬರುತ್ತದೆ.

ಹಂತ 1: ಬೀಗದ ಹಿಂದಿನ ಭಯ ತೆಗೆಯಿರಿ

ಶಿಕ್ಷಕರು ಬೀಗ ಹಾಕುವುದು ಕೆಟ್ಟತನದಿಂದಲ್ಲ. "ಪುಸ್ತಕ ಕಳೆದ್ರ ನಮ್ಮ ಪಗಾರದಾಗ ಹಿಡೀತಾರ್ರೀ" ಎಂಬ ಮಾತು ಸ್ಟಾಫ್ ರೂಮಿನಲ್ಲಿ ಕೇಳದವರು ಯಾರು? ಸ್ಟಾಕ್ ರಿಜಿಸ್ಟರಿನಲ್ಲಿ ಮೇಜು, ಕುರ್ಚಿ, ಗಂಟೆಯ ಸಾಲಿನಲ್ಲೇ ಪುಸ್ತಕವೂ ಕೂತಿರುತ್ತದೆ. ಆಡಿಟ್‌ಗೆ ಬಂದವರು ಎಣಿಸುತ್ತಾರೆ. ಒಂದು ಕಡಿಮೆಯಾದರೂ ವಿವರಣೆ ಕೊಡಬೇಕು. ಹಾಗಾಗಿ ಯಾರೂ ಮುಟ್ಟದ ಪುಸ್ತಕವೇ ಚಾರ್ಜ್ ಇದ್ದವರಿಗೆ ಸುರಕ್ಷಿತ. ಈ ಭಯ ಹೋಗದೆ ಮುಂದಿನ ಯಾವ ಹಂತವೂ ನಡೆಯುವುದಿಲ್ಲ. ಇಲ್ಲಿ ಜಾಸ್ತಿ ಹೊತ್ತು ನಿಲ್ಲೋಣ.

ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು, 2017, ಅದರ 215ನೇ ನಿಯಮ ನೋಡಿ. ಗ್ರಂಥಾಲಯದ ಪುಸ್ತಕಗಳ ಲೆಕ್ಕಕ್ಕೆಂದೇ ಇರುವ ನಿಯಮ ಅದು. ವರ್ಷಕ್ಕೆ ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದನ್ನು ಸಹಜ ನಷ್ಟ ಎಂದು ಒಪ್ಪಬಹುದು. ಆದರೆ ಅದು ಮೋಸದಿಂದಾಗಲಿ ನಿರ್ಲಕ್ಷ್ಯದಿಂದಾಗಲಿ ಆಗಿರಬಾರದು. 1,000 ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಅಥವಾ ಅಪರೂಪದ ಪುಸ್ತಕ ಕಳೆದರೆ ಮಾತ್ರ ತನಿಖೆ ಕಡ್ಡಾಯ. ಇದು ಕೇಂದ್ರದ ನಿಯಮ, ರಾಜ್ಯದ ಶಾಲೆಗೆ ನೇರವಾಗಿ ಅನ್ವಯ ಆಗುವುದಿಲ್ಲ. ಆದರೂ ಠರಾವು ಬರೆಯುವಾಗ ಇದಕ್ಕಿಂತ ಒಳ್ಳೆಯ ಮಾದರಿ ಸಿಗದು. ಲೆಕ್ಕದ ರೀತಿಯನ್ನೂ ಗಮನಿಸಿ. ಸಾವಿರ ಅನ್ನುವುದು ಬೀರುವಿನಲ್ಲಿರುವ ಪುಸ್ತಕಗಳ ಸಂಖ್ಯೆಯಲ್ಲ, ಕೈಗೆ ಕೊಟ್ಟ ಸಲಗಳ ಸಂಖ್ಯೆ. ಜಾಸ್ತಿ ಕೊಟ್ಟಷ್ಟೂ ಜಾಸ್ತಿ ರಿಯಾಯಿತಿ.

ಈಗ ಮಾಡಬೇಕಾದ್ದು. ಮುಂದಿನ ಎಸ್‌ಡಿಎಂಸಿ ಸಭೆಯ ವಿಷಯಪಟ್ಟಿಯಲ್ಲಿ ಗ್ರಂಥಾಲಯ ಸೇರಿಸಿ. ಠರಾವಿನಲ್ಲಿ ಮೂರು ಮಾತು ಇರಲಿ: ಪುಸ್ತಕ ಮಕ್ಕಳ ಕೈಗೆ ಕೊಡುವುದೇ ಗ್ರಂಥಾಲಯದ ಉದ್ದೇಶ, ಓದಿ ಹರಿದದ್ದೂ ಸಹಜವಾಗಿ ಕಳೆದದ್ದೂ ವರ್ಷಕ್ಕೊಮ್ಮೆ ಸಭೆಯ ಮುಂದೆ ಬರುತ್ತದೆ, ಅಂಥ ನಷ್ಟಕ್ಕೆ ಶಿಕ್ಷಕರನ್ನಾಗಲಿ ಮಗುವನ್ನಾಗಲಿ ದಂಡ ಕೇಳುವುದಿಲ್ಲ. ಸ್ಟಾಕ್‌ನಿಂದ ಪುಸ್ತಕ ತೆಗೆದುಹಾಕಲು ಇಲಾಖೆಯ ಒಪ್ಪಿಗೆ ಬೇಕಾದರೆ ಈ ಠರಾವಿನ ಪ್ರತಿಯನ್ನೇ ಜೊತೆಗಿಟ್ಟು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರೆಯಿರಿ. ಸ್ವೀಕೃತಿ ಸಹಿ ಮರೆಯಬೇಡಿ.

ದಂಡದ ವಿಷಯದಲ್ಲಿ ನನ್ನದು ಸ್ವಲ್ಪ ಹಟದ ಅಭಿಪ್ರಾಯ. ಭತ್ತದ ಗದ್ದೆಯ ಕೂಲಿಯವರ ಮಗುವಿಗೆ 80 ರೂಪಾಯಿ ದಂಡ ಅಂದರೆ ಆ ಮನೆಯಿಂದ ಇನ್ನು ಯಾರೂ ಪುಸ್ತಕ ಒಯ್ಯುವುದಿಲ್ಲ ಎಂದೇ ಅರ್ಥ. ಗುಳೆ ಹೋಗುವ ಮನೆಗಳ ಮಕ್ಕಳ ಜೊತೆ ಪುಸ್ತಕವೂ ಗುಳೆ ಹೋಗುತ್ತದೆ. ಹೋಗಲಿ ಬಿಡಿ. ಬೆಂಗಳೂರಿನ ಯಾವುದೋ ಕಟ್ಟಡದ ಶೆಡ್ಡಿನಲ್ಲಿ ಅದನ್ನು ಇನ್ನೆರಡು ಮಕ್ಕಳು ಓದಿದರೆ ನಷ್ಟವೇನು?

ಹಂತ 2: ಪುಸ್ತಕ ಹೊರಗೆ ತನ್ನಿ

ಬೇರೆ ಕೋಣೆ ಇಲ್ಲದಿದ್ದರೆ ತರಗತಿ ಕೋಣೆಯಲ್ಲೇ ಹಗ್ಗ ಕಟ್ಟಿ ತೂಗುಹಾಕಿ, ಅಥವಾ ಕಿಟಕಿ ಕಟ್ಟೆ ಮೇಲೆ ಮುಖಪುಟ ಕಾಣುವ ಹಾಗೆ ಇಡಿ. ಬೆನ್ನು ಮಾತ್ರ ಕಾಣುವ ಪುಸ್ತಕವನ್ನು ಓದಿನ ರುಚಿ ಹತ್ತದ ಮಗು ಎತ್ತಿಕೊಳ್ಳುವುದಿಲ್ಲ. ವಾರಕ್ಕೊಮ್ಮೆ ಪುಸ್ತಕ ಬದಲಿಸಿ. ಕೊಡುವ, ಹಿಂದಕ್ಕೆ ಪಡೆಯುವ ಕೆಲಸವನ್ನು 8ನೇ, 9ನೇ ತರಗತಿಯ ಮಕ್ಕಳಿಗೆ ಪಾಳಿಯಲ್ಲಿ ವಹಿಸಿ. ಕೀಲಿ ಎರಡು ಇರಲಿ. ಎರಡನೆಯದು ಮಕ್ಕಳ ಗ್ರಂಥಾಲಯ ಸಮಿತಿಯ ಕೈಯಲ್ಲಿರಲಿ.

ಹಂತ 3: ಆಯ್ಕೆಯ ನಿಯಮವನ್ನು ಜಗಳಕ್ಕೆ ಮೊದಲೇ ಬರೆದಿಡಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ಪುಸ್ತಕದ ಮೇಲೆ ತಕರಾರು ಬಂದ ಮೇಲೆ ನಿಯಮ ಬರೆದರೆ ಅದು ಆ ಪುಸ್ತಕವನ್ನು ಉಳಿಸಲು ಹೂಡಿದ ಆಟದಂತೆ ಕಾಣುತ್ತದೆ. ತಣ್ಣಗಿರುವಾಗಲೇ ಒಂದು ಪುಟ ಬರೆದು ಠರಾವು ಮಾಡಿಸಿ. ಹೀಗೆ ಬರೆಯಬಹುದು:

"ಈ ಗ್ರಂಥಾಲಯದ ಎಲ್ಲ ಪುಸ್ತಕಗಳೂ ಶಾಲೆಯ ಎಲ್ಲ ಮಕ್ಕಳಿಗೂ ಸಿಗುತ್ತವೆ. ಓದುವ ಪುಸ್ತಕವನ್ನು ಮಗು ತಾನೇ ಆರಿಸಿಕೊಳ್ಳುತ್ತದೆ. ತಮ್ಮ ಮಗು ಇಂಥ ಪುಸ್ತಕ ಓದುವುದು ಬೇಡ ಎಂದು ಪಾಲಕರು ಹೇಳಬಹುದು. ಬೇರೆಯವರ ಮಕ್ಕಳ ಪರವಾಗಿ ಹಾಗೆ ಹೇಳುವಂತಿಲ್ಲ. ಒಂದು ಪುಸ್ತಕ ಇಲ್ಲಿದೆ ಎಂದರೆ ಅದರ ವಿಚಾರವನ್ನು ಶಾಲೆ ಒಪ್ಪಿದೆ ಎಂದಲ್ಲ. ಆಕ್ಷೇಪ ಇದ್ದವರು ಬರವಣಿಗೆಯಲ್ಲಿ ಕೊಡಬೇಕು. ತೀರ್ಮಾನ ಆಗುವವರೆಗೆ ಪುಸ್ತಕ ಕಪಾಟಿನಲ್ಲೇ ಇರುತ್ತದೆ."

ಮೂರನೇ ಮತ್ತು ನಾಲ್ಕನೇ ವಾಕ್ಯಗಳನ್ನು ಮಾತ್ರ ಯಾರು ಏನೇ ಹೇಳಿದರೂ ತೆಗೆಯಬೇಡಿ. ಅಪ್ಪ ಅಮ್ಮನ ಹಕ್ಕಿಗೆ ಅಲ್ಲಿ ಜಾಗ ಇದೆ, ಮಿತಿಯೂ ಇದೆ.

ಇನ್ನು ಪುಸ್ತಕ ಕೊಳ್ಳುವುದು. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಶಾಲೆಯ ಹಂತಕ್ಕೆ ತಕ್ಕಂತೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶ ಇದೆ. ಕನ್ನಡ ಪುಸ್ತಕ ಪ್ರಾಧಿಕಾರ, ನ್ಯಾಷನಲ್ ಬುಕ್ ಟ್ರಸ್ಟ್‌ನಲ್ಲಿ ಕಡಿಮೆ ಬೆಲೆಗೆ ಒಳ್ಳೆಯ ಪುಸ್ತಕ ಸಿಗುತ್ತವೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಮಕ್ಕಳ ಕಥೆಗಳು ಮುಕ್ತ ಪರವಾನಗಿಯಲ್ಲಿವೆ, ಪ್ರಿಂಟ್ ತೆಗೆದು ಹೊಲಿದುಕೊಂಡರೂ ತಪ್ಪಿಲ್ಲ. ಏಜೆಂಟ್ ತಂದು ಸುರಿಯುವ ಕಟ್ಟನ್ನು ಹಾಗೇ ತೆಗೆದುಕೊಳ್ಳಬೇಡಿ. ಮಕ್ಕಳಿಂದ ಬೇಡಿಕೆ ಪಟ್ಟಿ ಮಾಡಿಸಿ, ಆಮೇಲೆ ಆರ್ಡರ್ ಕೊಡಿ.

ಪಟ್ಟಿ ಮಾಡುವಾಗ ಏನಿದೆ ಅನ್ನುವುದಕ್ಕಿಂತ ಏನಿಲ್ಲ ಎಂದು ನೋಡಿ. ನಮ್ಮ ಬೀರುಗಳಲ್ಲಿ ಮಹಾಪುರುಷರ ಜೀವನಚರಿತ್ರೆ, ನೀತಿಕಥೆ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡು ಬೇಕಾದಷ್ಟಿವೆ. ಮೈಯಲ್ಲಿ ಆಗುವ ಬದಲಾವಣೆ, ಮುಟ್ಟು, ಬಾಲ್ಯವಿವಾಹ ತಡೆ ಕಾನೂನು, ಜಾತಿಯ ನೋವು, ಬೇರೆ ಬೇರೆ ಧರ್ಮಗಳ ಪರಿಚಯ, ಜೀವವಿಕಾಸ, ಕಾಯಿಲೆ, ಹಣ, ಕೃಷಿ ಸಾಲ? ಹುಡುಕಿ ನೋಡಿ. ದೇವದಾಸಿ ಪದ್ಧತಿಯನ್ನು 1982ರ ಕಾನೂನೇ ನಿಷೇಧಿಸಿತು. ಅದರ ನೆರಳು ಕಂಡ ಮನೆಗಳ ಮಕ್ಕಳು ನಮ್ಮ ಜಿಲ್ಲೆಗಳ ತರಗತಿಗಳಲ್ಲೇ ಕೂತಿರುತ್ತಾರೆ. ಅವರ ಬದುಕಿನ ಬಗ್ಗೆ ಗ್ರಂಥಾಲಯದಲ್ಲಿ ಒಂದು ಸಾಲೂ ಇರುವುದಿಲ್ಲ.

ಭಾಷೆಯ ವಿಷಯವೂ ಹಾಗೇ. ಬಳ್ಳಾರಿ, ಸಿರುಗುಪ್ಪದಲ್ಲಿ ಮನೆಮಾತು ತೆಲುಗು ಆಗಿರುವ ಮಕ್ಕಳಿದ್ದಾರೆ. ರಾಯಚೂರಿನಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ, ಸಿಂಧನೂರಿನ ಕ್ಯಾಂಪುಗಳಲ್ಲಿ ಬಂಗಾಳಿ. ಮನೆಮಾತಿನ ಹತ್ತು ಪುಸ್ತಕ ಇಟ್ಟರೆ ಕನ್ನಡ ಹಾಳಾಗುತ್ತದೆ ಅನ್ನುವವರು ಇದ್ದೇ ಇರುತ್ತಾರೆ. ಮಕ್ಕಳು ಎರಡನ್ನೂ ಓದುತ್ತಾರೆ, ನೀವು ಇಟ್ಟು ನೋಡಿ.

ಜೊತೆಗೆ "ನಮ್ಮ ಸೀಮೆ" ಎಂದು ಒಂದು ಫೈಲು ಮಾಡಿ. ಹಿರೇಬೆಣಕಲ್ಲಿನ ಶಿಲಾಸಮಾಧಿ, ಕಿನ್ನಾಳದ ಆಟಿಕೆ, ಆನೆಗೊಂದಿಯ ಬಗ್ಗೆ ಪತ್ರಿಕೆಯಲ್ಲಿ ಬಂದದ್ದನ್ನೆಲ್ಲ ಕತ್ತರಿಸಿ ಅಂಟಿಸಿ. ಅಶೋಕನ ಶಾಸನಗಳನ್ನೂ ಸೇರಿಸಿ. ಕೊಪ್ಪಳದ ಗವಿಮಠ, ಪಾಲ್ಕಿಗುಂಡು, ರಾಯಚೂರಿನ ಮಸ್ಕಿ, ಬಳ್ಳಾರಿಯ ನಿಟ್ಟೂರು, ಉಡೇಗೋಳ, ಎಲ್ಲ ಕಡೆಯೂ ಅವು ಬಂಡೆಯ ಮೇಲೇ ಇವೆ. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬ ರಾಜ ತನ್ನ ಮಾತನ್ನು ಬಯಲಲ್ಲಿ ಕೆತ್ತಿಸಿದ. ನಾವು ನೋಡಿದರೆ ಅದರ ಬಗ್ಗೆ ಬರೆದ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇವೆ!

ಹಂತ 4: ಬೇಲಿ ಹಾಕಬೇಡಿ

"ಇದು 10ನೇ ತರಗತಿಗೆ ಮಾತ್ರ", "ಇದು ಹೆಣ್ಣುಮಕ್ಕಳಿಗೆ" ಎಂಬ ಚೀಟಿ ಅಂಟಿಸಬೇಡಿ. 6ನೇ ತರಗತಿಯ ಹುಡುಗ ದಪ್ಪ ಕಾದಂಬರಿ ಎತ್ತಿಕೊಂಡರೆ ಕೊಡಿ. ಅರ್ಥ ಆಗದಿದ್ದರೆ ನಾಳೆ ಅವನೇ ತಂದಿಡುತ್ತಾನೆ. ಓದು ನಿಧಾನ ಇರುವ 9ನೇ ತರಗತಿಯ ಹುಡುಗಿಗೆ ಚಿತ್ರಪುಸ್ತಕವೇ ಬೇಕಾಗಬಹುದು. ಅವಳ ಮೇಲೆ ಮುಜುಗರ ಹೇರುವುದೂ ಒಂದು ತರಹದ ತಡೆಯೇ. ಕಥೆಪುಸ್ತಕ ಒಯ್ದವರಿಗೆ ಸಾರಾಂಶ ಬರೆಯುವ ಶಿಕ್ಷೆ ಕೊಡುವುದನ್ನೂ ಬಿಡಿ.

ವಯಸ್ಸಿಗೆ ತಕ್ಕದ್ದು ಅನ್ನುವ ವಿಚಾರ ಇಲ್ಲವೇ? ಇದೆ. ಅದು ಕೊಳ್ಳುವಾಗ ಮಾಡಬೇಕಾದ ತೀರ್ಮಾನ. ಮಕ್ಕಳಿಗೆ ಅಶ್ಲೀಲ ಸಾಹಿತ್ಯ ಕೊಡುವುದು ಅಪರಾಧ, ಅದರಲ್ಲಿ ಚರ್ಚೆಯೇ ಇಲ್ಲ. ಆದರೆ ಗರ್ಭಕೋಶದ ಚಿತ್ರವಿರುವ ಆರೋಗ್ಯದ ಪುಸ್ತಕವನ್ನು ಆ ಸಾಲಿಗೆ ಸೇರಿಸುವವರಿಗೆ ಪಠ್ಯಪುಸ್ತಕದ ಸಂತಾನೋತ್ಪತ್ತಿ ಪಾಠವನ್ನೇ ತೆರೆದು ತೋರಿಸಿ.

ಹಂತ 5: ಯಾರು ಏನು ಓದಿದರು ಎಂಬುದು ಗುಟ್ಟಾಗಿರಲಿ

ಮೇಜಿನ ಮೇಲೆ ತೆರೆದಿಟ್ಟ ವಿತರಣಾ ರಿಜಿಸ್ಟರನ್ನು ಯಾರು ಬೇಕಾದರೂ ಓದಬಹುದು. ಮುಂದಿನ ಮಗು ಸಹಿ ಹಾಕುವಾಗ ಹಿಂದಿನವರು ಒಯ್ದ ಪುಸ್ತಕದ ಹೆಸರು ನೋಡಿಯೇ ನೋಡುತ್ತದೆ. ಹಳ್ಳಿಯಲ್ಲಿ ಸಂಜೆಯೊಳಗೆ ಮಾತು ಮನೆ ಮುಟ್ಟುತ್ತದೆ. ಹೀಗೆ ಬದಲಿಸಿ: ಪ್ರತಿ ಮಗುವಿಗೆ ಒಂದು ಕಾರ್ಡ್. ಅದರಲ್ಲಿ ಪುಸ್ತಕದ ನಂಬರ್ ಮತ್ತು ತಾರೀಖು ಮಾತ್ರ. ಹಿಂದಕ್ಕೆ ಬಂದ ಕೂಡಲೇ ಆ ನಂಬರಿನ ಮೇಲೆ ಓದಲಾಗದಂತೆ ಗೀಟು. ವರ್ಷಕ್ಕೆ ಎಷ್ಟು ಸಲ ಪುಸ್ತಕ ಹೋಯಿತು ಎಂಬ ಎಣಿಕೆ ಬೇರೆ ಹಾಳೆಯಲ್ಲಿರಲಿ. ಆಡಿಟ್‌ಗೆ ಬೇಕಾಗುವುದು ಅಷ್ಟೇ. ಪ್ರಾರ್ಥನೆ ವೇಳೆ ಹೆಸರು ಕರೆದು "ನೀನು ಇಂಥ ಪುಸ್ತಕ ಇನ್ನೂ ಕೊಟ್ಟಿಲ್ಲ" ಅನ್ನಬೇಡಿ.

ಇನ್ನೊಂದು ಉಪಾಯ. ಬಾಗಿಲ ಹತ್ತಿರ, ಮೇಷ್ಟ್ರ ಮೇಜಿನಿಂದ ದೂರ, ಒಂದು ಸಣ್ಣ ಡಬ್ಬಿ ಇಡಿ. ಮುಟ್ಟು, ಲೈಂಗಿಕ ದೌರ್ಜನ್ಯ, 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ, 1098 ಮಕ್ಕಳ ಸಹಾಯವಾಣಿ ಬಗ್ಗೆ ಕಿರುಪುಸ್ತಕ, ಕರಪತ್ರಗಳು ಅದರಲ್ಲಿರಲಿ. ಅವಕ್ಕೆ ನಂಬರ್ ಇಲ್ಲ, ಕಾರ್ಡ್ ಇಲ್ಲ. ಯಾರೂ ಕೇಳದೆ ಒಯ್ಯಬಹುದು, ತಂದಿಡಬಹುದು, ಇಟ್ಟುಕೊಳ್ಳಲೂಬಹುದು. ಮದುವೆ ಗೊತ್ತಾಗಿರುವ 15ರ ಹುಡುಗಿ ರಿಜಿಸ್ಟರಿನಲ್ಲಿ ಸಹಿ ಹಾಕಿ ಆ ಪುಸ್ತಕ ಒಯ್ಯುತ್ತಾಳೆ ಅಂದುಕೊಂಡಿರಾ?

ಹಂತ 6: ಆಕ್ಷೇಪ ಬಂದಾಗ

ಒಂದು ದಿನ ಬಂದೇ ಬರುತ್ತದೆ. ಒಬ್ಬ ತಂದೆ ಪುಸ್ತಕ ಹಿಡಿದು ಬಂದು "ಹೆಣ್ ಹುಡುಗ್ರಿಗಿ ಇಂಥಾವ್ನ ಯಾಕ ಕೊಡ್ತೀರಿ ಸರ್?" ಎನ್ನುತ್ತಾರೆ. ಮೊದಲ ಹತ್ತು ನಿಮಿಷ ಸುಮ್ನೆ ಕೇಳಿ. ಕುರ್ಚಿ ಕೊಡಿ, ಚಹಾ ತರಿಸಿ. ಕಾನೂನು ಹೇಳಬೇಡಿ. ಹೆಚ್ಚಿನವರಿಗೆ ಬೇಕಾಗಿರುವುದು ತಮ್ಮ ಆತಂಕವನ್ನು ಯಾರಾದರೂ ಕೇಳಿಸಿಕೊಳ್ಳುವುದು. "ನಿಮ್ಮ ಮಗಳಿಗೆ ಈ ಪುಸ್ತಕ ಬೇಡ ಅಂದ್ರೆ ನಿಮ್ಮ ಮಾತು ನಡೀತದ" ಎಂದು ಹೇಳಿದರೆ ಅನೇಕ ಸಲ ಅಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಒಂದು ಫಾರ್ಮ್ ಕೊಡಿ. ಈ ರೂಢಿ ಅಮೆರಿಕದ ಗ್ರಂಥಾಲಯಗಳಲ್ಲಿ ಬಹಳ ಕಾಲದಿಂದ ಇದೆ. ಅಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಶಾಲಾ ಮಂಡಳಿ ಗ್ರಂಥಾಲಯದಿಂದ ಪುಸ್ತಕಗಳನ್ನು ತೆಗೆಸಿದಾಗ ವಿದ್ಯಾರ್ಥಿಗಳೇ ಕೋರ್ಟಿಗೆ ಹೋದರು. ವಿಚಾರ ಹಿಡಿಸಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಶಾಲಾ ಗ್ರಂಥಾಲಯದಿಂದ ಪುಸ್ತಕ ತೆಗೆಯುವಂತಿಲ್ಲ ಎಂದು 1982ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್‌ನ ನಾಲ್ವರು ನ್ಯಾಯಮೂರ್ತಿಗಳು ಬರೆದರು. ಆ ತೀರ್ಪು ನಮ್ಮನ್ನು ಕಟ್ಟುವುದಿಲ್ಲ, ಆದರೆ ಫಾರ್ಮಿನ ಪದ್ಧತಿ ನಮಗೂ ಒಗ್ಗುತ್ತದೆ. ಕೇಳಬೇಕಾದ ಪ್ರಶ್ನೆಗಳು ಇಷ್ಟೇ: ಯಾವ ಪುಸ್ತಕ? ಪೂರ್ತಿ ಓದಿದ್ದೀರಾ? ಯಾವ ಪುಟದ ಯಾವ ಮಾತಿಗೆ ಆಕ್ಷೇಪ? ಅದರಿಂದ ಮಕ್ಕಳಿಗೆ ಏನು ತೊಂದರೆ? ಏನು ಮಾಡಬೇಕು ಅನ್ನುತ್ತೀರಿ? ಬರೆಯಲು ಬಾರದವರು ಹೇಳಿದ್ದನ್ನು ನೀವೇ ಬರೆದು, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿಕೊಳ್ಳಿ. ಅಕ್ಷರ ಬಾರದವರ ಆಕ್ಷೇಪಕ್ಕೂ ಅಷ್ಟೇ ಮರ್ಯಾದೆ ಸಿಗಬೇಕು.

ಆಮೇಲೆ ಐದು ಜನರ ಸಮಿತಿ. ಮುಖ್ಯಶಿಕ್ಷಕರು, ಒಬ್ಬ ಶಿಕ್ಷಕಿ, ಎಸ್‌ಡಿಎಂಸಿಯ ಒಬ್ಬ ತಾಯಿ, ಹೊರಗಿನವರೊಬ್ಬರು, ಮೇಲಿನ ತರಗತಿಯ ಒಬ್ಬ ವಿದ್ಯಾರ್ಥಿ. ಹೊರಗಿನವರಾಗಿ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕರನ್ನೋ ಹತ್ತಿರದ ಕಾಲೇಜಿನ ಉಪನ್ಯಾಸಕರನ್ನೋ ಕರೆಯಿರಿ. ಐವರೂ ಪುಸ್ತಕವನ್ನು ಪೂರ್ತಿ ಓದಬೇಕು. ಗೆರೆ ಎಳೆದ ಒಂದು ಪುಟ ಓದಿ ತೀರ್ಮಾನ ಹೇಳುವವರಿಗೆ ಮತವಿಲ್ಲ. ಮೂರು ವಾರ ಗಡುವು. ಅಲ್ಲಿತನಕ ಪುಸ್ತಕ ಎಲ್ಲಿತ್ತೋ ಅಲ್ಲೇ. ತೀರ್ಮಾನ ಕಾರಣ ಸಮೇತ ಬರವಣಿಗೆಯಲ್ಲಿ, ಆಕ್ಷೇಪಿಸಿದವರಿಗೆ ಒಂದು ಪ್ರತಿ. ಅದೇ ಪುಸ್ತಕದ ಮೇಲೆ ಎರಡು ವರ್ಷ ಮತ್ತೆ ವಿಚಾರಣೆ ಬೇಡ.

ಜಾಸ್ತಿ ಕಷ್ಟ ಕೊಡುವುದು ಫೋನ್ ಕರೆ. ಊರಿನ ಮುಖಂಡರೋ ಯಾರೋ ಅಧಿಕಾರಿಯೋ ಮಾಡಿ "ಆ ಪುಸ್ತಕ ಸ್ವಲ್ಪ ತೆಗೆದಿಡಿ ಮೇಷ್ಟ್ರೇ" ಎಂದರೆ ವಾದ ಬೇಡ. "ಆಗಲಿ ಸರ್, ಫೈಲಿಗೆ ಬೇಕು, ಒಂದು ಪತ್ರ ಕಳಿಸಿಬಿಡಿ" ಅನ್ನಿ. ಪತ್ರ ಬರುವುದು ಕಡಿಮೆ. ಇಲಾಖೆಯಿಂದ ಲಿಖಿತ ಆದೇಶ ಬಂದರೆ ನೌಕರರಾಗಿ ಪಾಲಿಸಬೇಕು, ಪಾಲಿಸಿ. ಆದೇಶದ ನಂಬರ್ ಬರೆದಿಟ್ಟುಕೊಳ್ಳಿ, ಎಸ್‌ಡಿಎಂಸಿ ಮುಂದಿಡಿ. ಪ್ರಕಟವಾದ ಪುಸ್ತಕವನ್ನು ಮುಟ್ಟುಗೋಲು ಹಾಕುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಅದಕ್ಕೂ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 98ನೇ ಕಲಮಿನ ಪ್ರಕಾರ ಕಾರಣ ಹೇಳಿ ಅಧಿಸೂಚನೆ ಹೊರಡಿಸಬೇಕು. ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು. ಸರ್ಕಾರಕ್ಕೇ ಇಷ್ಟು ಕಟ್ಟುಪಾಡು ಇರುವಾಗ ಫೋನಿನಲ್ಲಿ ಪುಸ್ತಕ ನಿಷೇಧ ಆಗುವುದುಂಟೇ?

ಫೋನಿಗಿಂತ ಕೆಟ್ಟದ್ದು ಒಂದಿದೆ. ಯಾರೂ ಕೇಳದಿದ್ದರೂ, ಕೇಳಬಹುದು ಎಂದು ನಾವೇ ಪುಸ್ತಕವನ್ನು ಬೀರುವಿನ ತಳಕ್ಕೆ ಸರಿಸುತ್ತೇವಲ್ಲ, ಅದು. ಅದಕ್ಕೆ ಅರ್ಜಿಯೂ ಇಲ್ಲ, ಮೇಲ್ಮನವಿಯೂ ಇಲ್ಲ. ಹರಿದ, ಹಳತಾದ ಪುಸ್ತಕ ತೆಗೆಯುವಾಗ ಪಕ್ಕದಲ್ಲಿ ಕಾರಣ ಬರೆಯುವ ಅಭ್ಯಾಸ ಇಟ್ಟುಕೊಳ್ಳಿ. "ಗೆದ್ದಲು", "2005ರ ಭೂಪಟ" ಎಂದು ಬರೆಯಲು ಕೈ ತಡೆಯುವುದಿಲ್ಲ. ಕೈ ತಡೆದರೆ ಪುಸ್ತಕ ವಾಪಸ್ ಇಡಿ.

ಹಂತ 7: ಪುಸ್ತಕದಾಚೆಯ ಮಾಹಿತಿ

ದಿನಪತ್ರಿಕೆ ಒಂದಲ್ಲ, ಕನಿಷ್ಠ ಎರಡು ತರಿಸಿ. ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ ಕೊಚ್ಚಿಹೋಯಿತು, ನೆನಪಿದೆಯಲ್ವಾ? ಅಂಥ ಸುದ್ದಿ ಬಂದಾಗ ಎರಡೂ ಪತ್ರಿಕೆಗಳನ್ನು, ಮೊಬೈಲಿಗೆ ಬಂದ ಮೆಸೇಜನ್ನು ಪಕ್ಕಪಕ್ಕ ಇಟ್ಟು, ಯಾರು ಯಾರ ಹೆಸರಿನಲ್ಲಿ ಹೇಳಿದ್ದಾರೆ ಎಂದು ಮಕ್ಕಳಿಂದ ಹುಡುಕಿಸಿ. ಶಾಲೆಯಲ್ಲಿ ಕಂಪ್ಯೂಟರ್ ಇದ್ದರೆ ಕನ್ನಡ ವಿಕಿಪೀಡಿಯ, ನ್ಯಾಷನಲ್ ಡಿಜಿಟಲ್ ಲೈಬ್ರರಿ ತೋರಿಸಿ. ಪುಸ್ತಕ ಸಾಲದಿದ್ದರೆ ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಅಂದರೆ ಪಂಚಾಯಿತಿ ಗ್ರಂಥಾಲಯಕ್ಕೆ, ಕರೆದುಕೊಂಡು ಹೋಗಿ. 2020ರ "ಓದುವ ಬೆಳಕು" ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ.

9, 10ನೇ ತರಗತಿಗೆ ಮಾಹಿತಿ ಹಕ್ಕು ಅರ್ಜಿ ಬರೆಸುವುದು ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯ ಗ್ರಂಥಾಲಯ ಚಟುವಟಿಕೆ. 2005ರ ಕಾಯ್ದೆಯಲ್ಲಿ ವಯಸ್ಸಿನ ಮಿತಿ ಇಲ್ಲ, ನಾಗರಿಕರಾಗಿದ್ದರೆ ಸಾಕು. ಏಕೆ ಬೇಕು ಎಂದು ಕಾರಣ ಹೇಳಬೇಕಿಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. ಶುಲ್ಕ 10 ರೂಪಾಯಿ, ಬಿಪಿಎಲ್ ಮನೆಯವರಿಗೆ ಅದೂ ಇಲ್ಲ. ಉತ್ತರಕ್ಕೆ 30 ದಿನ. ವಿಷಯ ಊರಿನದೇ ಆಗಿರಲಿ. ಕೊಪ್ಪಳ, ರಾಯಚೂರಿನ ಎಷ್ಟೋ ಹಳ್ಳಿಗಳಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಬೇರೆ ನೀರಿನ ಮೂಲ ಇಲ್ಲದಿದ್ದರೂ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂದು ಕುಡಿಯುವ ನೀರಿನ ಭಾರತೀಯ ಮಾನದಂಡ ಹೇಳುತ್ತದೆ. "ನಮ್ಮ ಶಾಲೆಯ ಬೋರ್‌ವೆಲ್ ನೀರಿನ ಕೊನೆಯ ಪರೀಕ್ಷಾ ವರದಿಯ ಪ್ರತಿ ಕೊಡಿ" ಎಂದು ಬರೆಯಲು 150 ಪದವೂ ಬೇಡ. ಬಂದ ಉತ್ತರಕ್ಕೂ ನಂಬರ್ ಹಾಕಿ "ನಮ್ಮ ಸೀಮೆ" ಫೈಲಿಗೆ ಸೇರಿಸಿ.

ಹಂತ 8: ಚಾರ್ಜ್ ಕೊಡುವಾಗ

ವರ್ಗಾವಣೆ ಆಗುತ್ತದೆ. ಹೊಸಬರು ಬಂದು ರಿಜಿಸ್ಟರ್ ನೋಡಿ ಹೆದರಿ ಮತ್ತೆ ಬೀಗ ಹಾಕುತ್ತಾರೆ. ಅದನ್ನು ತಪ್ಪಿಸಲು ಚಾರ್ಜ್ ಪಟ್ಟಿಯಲ್ಲಿ ಪುಸ್ತಕಗಳ ಎಣಿಕೆಯ ಜೊತೆ ಇವೂ ಇರಲಿ: ನಷ್ಟದ ಠರಾವಿನ ಪ್ರತಿ, ಆಯ್ಕೆಯ ನಿಯಮ, ಖಾಲಿ ಆಕ್ಷೇಪ ಫಾರ್ಮ್‌ಗಳು, ಹಿಂದಿನ ಆಕ್ಷೇಪಗಳ ತೀರ್ಮಾನ, ಆ ವರ್ಷ ಕಳೆದ ಮತ್ತು ಹರಿದ ಪುಸ್ತಕಗಳ ಸಹಿಯಾದ ಪಟ್ಟಿ. ಕೊನೆಯದು ತುಂಬಾ ಮುಖ್ಯ. ನಿಮ್ಮ ಕಾಲದ ನಷ್ಟ ಅವರ ತಲೆಗೆ ಬರುವುದಿಲ್ಲ ಎಂದು ಅವರಿಗೆ ಖಾತ್ರಿಯಾಗಬೇಕು. ಚಾರ್ಜ್ ಕೊಡುವ ದಿನ ಮಕ್ಕಳ ಸಮಿತಿಯನ್ನೂ ಕೂರಿಸಿಕೊಳ್ಳಿ. ಎರಡನೇ ಕೀಲಿ ಅವರ ಹತ್ತಿರವೇ ಇರುತ್ತದೆ ಎಂದು ಪಟ್ಟಿಯಲ್ಲಿ ಬರೆದು, ಹೊಸಬರ ಸಹಿ ಹಾಕಿಸಿಕೊಂಡು ಹೊರಡಿ.